ಹೊರಬರಲೊಲ್ಲದ ಖೋಕಾ

ಬಂದೂಕಿನಿಂದ ಗುಂಡನ್ನು ಹೊರಗೆ ಕಳಿಸುವುದೇ ಕಷ್ಟದ ಕೆಲಸವೆಂದು ನಾನು ಬಹುಕಾಲ ತಿಳಿದಿದ್ದೆ. ಪದವಿಯ ಎರಡನೆಯ ವರ್ಷದಲ್ಲಿ ಎನ್‌ಸಿಸಿ ಸಮವಸ್ತ್ರ ತೊಟ್ಟು, ಕಲಬುರಗಿಯ ಹೊರವಲಯದ ಎರೆಹೊಲಗಳ ನಡುವಿನ ಫೈರಿಂಗ್ ಮೈದಾನದಲ್ಲಿ ಬೋರಲು ಮಲಗಿದ ದಿನ ಈ ತಿಳಿವಳಿಕೆ ತಲೆಕೆಳಗಾಯಿತು. ಗುಂಡು ಯಾರ ಉಪಕಾರವೂ ಇಲ್ಲದೆ ತಾನೇ ಹೋಗುತ್ತದೆ. ಅದನ್ನು ಹೊತ್ತು ತಂದ ಹಿತ್ತಾಳೆಯ ಕೊಳವೆ ಮಾತ್ರ, ಊಟ ಮುಗಿದು ಎಲೆ ಅಡಿಕೆಯೂ ಆದ ಮೇಲೆ ಪಡಸಾಲೆಯ ಗೋಡೆಗೆ ಒರಗಿ ಕುಳಿತ ಬೀಗರಂತೆ, ಏಳುವ ಲಕ್ಷಣವನ್ನೇ ತೋರಿಸುವುದಿಲ್ಲ.

ಆ ಖಾಲಿ ಕೊಳವೆಗೆ ನಮ್ಮಲ್ಲಿ ಖೋಕಾ ಎನ್ನುತ್ತಿದ್ದರು. ನಮ್ಮ ಪಾಲಿಗೆ ಬಂದದ್ದು ಪಾಯಿಂಟ್ ಟೂಟೂ, ಅಂದರೆ .22 ಅಂಗುಲ ಬಾಯಿಯ ರೈಫಲ್ಲು, ಒಂದು ಸಲಕ್ಕೆ ಒಂದೇ ಗುಂಡು. ನಳಿಗೆಯ ಹಿಂಬಾಗಿಲಿನಂತಿರುವ ಬೋಲ್ಟನ್ನು ಹಿಂದಕ್ಕೆ ಎಳೆದು, ಬೆರಳ ತುದಿಯಿಂದ ಒಂದು ರೌಂಡನ್ನು ಒಳಗಿಟ್ಟು, ಬೋಲ್ಟನ್ನು ಮುಚ್ಚಿ, ಉಸಿರು ಬಿಗಿಹಿಡಿದು ಹಾರಿಸಬೇಕು. ಮತ್ತೆ ಬೋಲ್ಟನ್ನು ಎಳೆದಾಗ ಅದರ ತುದಿಯಲ್ಲಿರುವ ಉಗುರಿನಂಥ ಕೊಕ್ಕೆ ಖೋಕಾದ ಅಂಚನ್ನು ಹಿಡಿದು ಹೊರಗೆ ತರಬೇಕು. ಇದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲವೆಂದೇ ನೋಡಿದವರಿಗೆಲ್ಲ ಅನಿಸುತ್ತದೆ. ನನಗೂ ಮೊದಲ ಎರಡು ಗುಂಡುಗಳವರೆಗೆ ಹಾಗೆಯೇ ಅನಿಸಿತ್ತು.

ಮೂರನೆಯದನ್ನು ಹಾರಿಸಿ ಬೋಲ್ಟ್ ಎಳೆದಾಗ ಕೊಕ್ಕೆ ಬರಿಗೈಯಲ್ಲಿ ಬಂದಿತು. ಇಣುಕಿದರೆ ಖೋಕಾ ಚೇಂಬರಿನೊಳಗೆ, ಎಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡನ್ನಿಡುವ ಗೂಡಿನೊಳಗೆ, ಗಟ್ಟಿಯಾಗಿ ಕುಳಿತು ಮಿರುಗುತ್ತಿತ್ತು. ಇಂಥ ಹೊತ್ತಿನಲ್ಲಿ ನಳಿಗೆಯನ್ನು ಗುರಿಹಲಗೆಯ ದಿಕ್ಕಿಗೇ ಇಟ್ಟುಕೊಂಡು, ಕೈ ಎತ್ತಿ, ಸುಮ್ಮನೆ ಕಾಯಬೇಕೆಂದು ಹಿಂದಿನ ದಿನವಷ್ಟೇ ಮೂರು ಸಲ ಹೇಳಿಕೊಟ್ಟಿದ್ದರು. ನಳಿಗೆಯನ್ನು ಹೇಳಿದ ದಿಕ್ಕಿಗೇ ಇಟ್ಟುಕೊಂಡಿದ್ದೆ, ಅಷ್ಟು ಮರ್ಯಾದೆ ನನಗಿತ್ತು. ಕೈ ಎತ್ತುವುದರ ಬದಲು ಮಾತ್ರ ಆ ಕೈಯನ್ನು ಜೇಬಿಗೆ ಹಾಕಿ ಟ್ರಂಕಿನ ಬೀಗದ ಕೈ ತೆಗೆದೆ.

ಖೋಕಾದ ಅಂಚಿಗೆ ಆ ಕೀಲಿಯನ್ನು ಆನಿಸಿ ಎರಡು ಸಲ ಮೀಟಿದ್ದೆನೋ ಇಲ್ಲವೋ, ಬೆನ್ನ ಮೇಲೆ ನೆರಳು ಬಿತ್ತು. ನಮ್ಮ ಹವಾಲ್ದಾರರು ಬೀದರ ಕಡೆಯವರು. ಸೈನ್ಯದ ರೂಢಿಯಂತೆ ಅವರನ್ನು ಉಸ್ತಾದ್ ಎಂದು ಕರೆಯಬೇಕಾಗಿತ್ತು.

“ಏನ್ ತಮ್ಮಾ, ಮನಿ ಬಾಗಿಲಾ ತೆಗ್ಯಾಕತ್ತೀದೇನು?”

“ಖೋಕಾ ಸಿಕ್ಕೊಂಡದ್ರಿ ಉಸ್ತಾದ್.”

“ಖೋಕಾ ಸಿಕ್ಕೊಂಡದ್ದು ಕಾಣ್ತದ. ಕಬ್ಬಿಣ ಯಾಕ ಹಾಕ್ದಿ ಅದರಾಗ?”

ಹಿತ್ತಾಳೆ ಮೆತ್ತಗಿನ ಲೋಹ, ಅದಕ್ಕೆ ಗೀರು ಬಿದ್ದರೆ ಒಂದು ಖೋಕಾ ಹಾಳಾಯಿತು, ಅಷ್ಟೆ. ಆದರೆ ಚೇಂಬರಿನ ಬಾಯಿಗೆ ಕಬ್ಬಿಣದ ಗೀರು ಬಿದ್ದರೆ ಮುಂದೆ ಬರುವ ಪ್ರತಿಯೊಂದು ಖೋಕಾವೂ ಅಲ್ಲಿಯೇ ಕಚ್ಚಿಕೊಳ್ಳುತ್ತದೆ ಎಂಬುದನ್ನು ಅವರು ನಾಲ್ಕು ಜನಕ್ಕೆ ಕೇಳುವಂತೆ ವಿವರಿಸಿದರು. ಆ ನಾಲ್ಕು ಜನರ ಪೈಕಿ ಮೂವರು ನಗುತ್ತಿದ್ದರು. ಆಮೇಲೆ ರೈಫಲ್ಲನ್ನು ತೆಗೆದುಕೊಂಡು ಒಳಗೆ ಇಣುಕಿದ ಉಸ್ತಾದರು ಮೂಗನ್ನು ಹತ್ತಿರ ತಂದರು, ದೂರ ಸರಿಸಿದರು, ಮತ್ತೆ ಹತ್ತಿರ ತಂದರು. ಸುಟ್ಟ ಮದ್ದಿನ ವಾಸನೆಯ ನಡುವೆ ಅವರಿಗೆ ಬೇರೇನೋ ಬಡಿದಿತ್ತು.

“ಇದಕ್ಕ ಏನ್ ಹಚ್ಚೀದಿ?”

ಇಲ್ಲಿ ಹಿಂದಿನ ಸಂಜೆಯ ಕಥೆಯನ್ನು ಹೇಳಲೇಬೇಕು. ರೈಫಲ್ ಸ್ವಚ್ಛಗೊಳಿಸುವ ಪಾಳಿ ನನ್ನದಾಗಿತ್ತು. ಚಿಂದಿ ಬಟ್ಟೆಯ ತುಂಡನ್ನು ಪುಲ್‌ಥ್ರೂ ಹಗ್ಗಕ್ಕೆ ಸಿಕ್ಕಿಸಿ ನಳಿಗೆಯಲ್ಲಿ ಎಳೆಯುವಷ್ಟರಲ್ಲಿ ಕೊಟ್ಟಿದ್ದ ಎಣ್ಣೆ ತೀರಿತ್ತು. ಕೇಳಿದ್ದರೆ ಇನ್ನಷ್ಟು ಕೊಡುತ್ತಿದ್ದರು. ಆದರೆ ಶ್ರದ್ಧೆ ಉಕ್ಕಿದವನಿಗೆ ಕೇಳುವ ವ್ಯವಧಾನ ಎಲ್ಲಿಯದು? ಅವ್ವ ತಲೆಗೆ ಹಚ್ಚಿಕೊಳ್ಳಲೆಂದು ಟ್ರಂಕಿನಲ್ಲಿಟ್ಟು ಕಳಿಸಿದ್ದ ಕೊಬ್ಬರಿ ಎಣ್ಣೆಯ ಸೀಸೆಯಿಂದ, ನಮ್ಮ ಮನೆಯಲ್ಲಿ ಬಾಣಂತಿಯ ಕೂಸಿಗೆ ಹಚ್ಚುವಷ್ಟು ಅಕ್ಕರೆಯಿಂದ, ಚೇಂಬರಿಗೆ ಎರಡು ಹನಿ ಹೆಚ್ಚಾಗಿಯೇ ಹಚ್ಚಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಕಲಬುರಗಿಯ ಬಿಸಿಲಿನ ಬಗ್ಗೆ ಹೊರಗಿನವರು ಏನೇ ಹೇಳಲಿ, ಸಂಕ್ರಾಂತಿಯ ಆಸುಪಾಸಿನ ಬೆಳಗಿನಲ್ಲಿ ಸೀಸೆಯನ್ನು ಒಲೆಯ ಪಕ್ಕ ಇಡದೆ ಇಲ್ಲಿ ಯಾರೂ ತಲೆಗೆ ಎಣ್ಣೆ ಕಂಡವರಲ್ಲ. ನನ್ನ ರೈಫಲ್ಲಿಗೆ ಒಲೆಯ ಭಾಗ್ಯವಿರಲಿಲ್ಲ. ರಾತ್ರಿಯೆಲ್ಲ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಮೈದಾನದ ಧೂಳನ್ನು ಮೆತ್ತಿಕೊಂಡು, ಎರಡು ಗುಂಡುಗಳ ಮಸಿಯನ್ನೂ ಕಲೆಸಿಕೊಂಡು, ಮೂರನೆಯದಕ್ಕೆ ಹದವಾದ ಅಂಟಾಗಿ ಕಾದಿತ್ತು.

“ಕೊಬ್ರಿ ಎಣ್ಣಿ ಹಚ್ಚೀನ್ರಿ.”

ಉಸ್ತಾದರು ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದರು. ಅದು ಒಣಗಿತ್ತು.

ಮುಂದೆ ಅವರು ಹೇಳಿದ ಪಾಠ ನನಗೆ ಈಗಲೂ ನೆನಪಿದೆ. ಮದ್ದು ಸಿಡಿದ ಕ್ಷಣದಲ್ಲಿ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ; ಬೆಂಕಿಯ ಗಾಳಿ ಹಾರಿಸುವವನ ಮುಖಕ್ಕೆ ಹಿಂದಿರುಗದಿರುವುದು ಈ ಉಬ್ಬುವಿಕೆಯಿಂದಲೇ. ಒತ್ತಡ ಇಳಿದೊಡನೆ ಅದು ಕೂದಲೆಳೆಯಷ್ಟು ಕುಗ್ಗಿ ಗೋಡೆಯನ್ನು ಬಿಡುತ್ತದೆ. ಆ ಕೂದಲೆಳೆಯ ಜಾಗದಲ್ಲಿ ಮಸಿ, ತುಕ್ಕು ಅಥವಾ ಅಂಟು ಸೇರಿದ್ದರೆ ಬಿಡುವುದಿಲ್ಲ. ಆದ್ದರಿಂದ ರೈಫಲ್ಲನ್ನು ಇಡುವಾಗ ಎಣ್ಣೆ, ಹಾರಿಸುವಾಗ ಒಣ ಚೇಂಬರು. ಬೀದರಿನವರಾದ್ದರಿಂದ ಇನ್ನೊಂದು ಮಾತನ್ನೂ ಸೇರಿಸಿದರು: ಕಾಡತೂಸಿನ ಹಿತ್ತಾಳೆಯಲ್ಲಿ ತಾಮ್ರ 70 ಪಾಲು, ಸತು 30 ಪಾಲು, ಬಿದ್ರಿ ಪಾತ್ರೆಗಳ ಎರಕದಲ್ಲಿಯೂ ಮುಖ್ಯವಾಗಿ ಇವೆರಡೇ ಲೋಹ, ಆದರೆ ಸತುವಿನದೇ ಬಹುಪಾಲು. ಬಿದ್ರಿಯ ಹೂಜಿಯನ್ನು ಮಾಡಲು ಕೊಟ್ಟಿದ್ದರೂ ನಾನು ಅದಕ್ಕೆ ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತಿದ್ದೆನೆಂಬುದು ಅವರ ಅಭಿಪ್ರಾಯವಾಗಿತ್ತು.

ಪುಲ್‌ಥ್ರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಹಗ್ಗ, ಹಗ್ಗದಿಂದ ಎಳೆಯಬಹುದೇ ಹೊರತು ತಳ್ಳಲಾಗದು. ಡೇರೆಯಿಂದ ಹಿತ್ತಾಳೆಯ ಸಲಾಕೆ ಬಂದಿತು. ಅದನ್ನು ನಳಿಗೆಯ ಮುಂದಿನ ಬಾಯಿಯಿಂದ ತೂರಿಸುವ ಮೊದಲು ಉಸ್ತಾದರು ಖೋಕಾದ ಅಂಚಿನ ಮೇಲೆ ಪಿನ್ನು ಹೊಡೆದ ಕುಳಿಯನ್ನು ನೋಡಿದರು. ಕುಳಿಯೊಂದನ್ನೇ ನಂಬಬಾರದು, ಹೊಡೆತ ಬಿದ್ದೂ ಸಿಡಿಯದ ಜೀವಂತ ಗುಂಡು ಒಳಗಿದ್ದರೆ ಸಲಾಕೆ ಹಾಕಿದವನ ಕೈಯೇ ಹೋದೀತು ಎಂದು ಹೇಳಿ, ಗುಂಡು ಹೊರಟ ಸದ್ದನ್ನು ಕೇಳಿದವರು ಯಾರೆಂದು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿದರು. ನನ್ನ ಗುರಿಹಲಗೆಯನ್ನು ನೋಡಿ ಖಚಿತಪಡಿಸಿಕೊಳ್ಳುವ ಮಾರ್ಗವೂ ಇತ್ತು, ಆದರೆ ಆ ಹಲಗೆ ಅಂಗಡಿಯಿಂದ ತಂದ ದಿನದಷ್ಟೇ ನಿರ್ಮಲವಾಗಿತ್ತು. ಐದೇ ಗುಂಡು ಹಾರಿಸುವ ಪಕ್ಕದ ಹುಡುಗನ ಹಲಗೆಯಲ್ಲಿ ಏಳು ತೂತುಗಳು ಸಿಕ್ಕಿದ್ದು ಆಮೇಲಿನ ಮಾತು.

ಸಲಾಕೆಯ ತುದಿಗೆ ಅಂಗೈಯಿಂದ ಒಂದು ಪೆಟ್ಟು, ಎರಡು ಪೆಟ್ಟು. ಮೂರನೆಯದಕ್ಕೆ ಖೋಕಾ ಟಣ್ಣನೆ ಹಾರಿ, ಬಿಸಿಲಿನಲ್ಲಿ ಒಮ್ಮೆ ಹೊಳೆದು, ನೆಲದ ಬಿರುಕಿನಲ್ಲಿ ಬಿದ್ದಿತು.

ಎರೆಭೂಮಿಯನ್ನು ಕಾಣದವರಿಗೆ ಇದರ ಗಾಂಭೀರ್ಯ ತಿಳಿಯುವುದು ಕಷ್ಟ. ಮಳೆ ನಿಂತು ತೇವ ಆರಿದಂತೆ ನಮ್ಮ ಕರಿಮಣ್ಣು ಕುಗ್ಗಿ ಬಾಯಿ ಬಿಡುತ್ತದೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಇಪ್ಪತ್ತು ಹುಡುಗರಿಗೆ ತಲಾ ಐದರಂತೆ 100 ರೌಂಡು ಎಣಿಸಿ ಕೊಟ್ಟಿದ್ದರು, 100 ಖೋಕಾ ಎಣಿಸಿ ಹಿಂದಿರುಗಿಸಬೇಕು. ಫೈರಿಂಗ್ ಮುಗಿದಾಗ ಡಬ್ಬಿಯಲ್ಲಿ 99 ಇದ್ದವು. ಉಳಿದ ಹತ್ತೊಂಬತ್ತು ಜನರೂ ನನ್ನನ್ನು ಅರ್ಧವರ್ತುಲವಾಗಿ ಸುತ್ತುವರಿದು ಬಿರುಕಿನ ಸುತ್ತ ಕುಕ್ಕರುಗಾಲಲ್ಲಿ ಕುಳಿತರು. ಒಂದು ಕೊಡ ನೀರು ಹೊಯ್ದರೆ ತೇಲಿ ಬರುತ್ತದೆಯೆಂದು ಪೇಟೆಯ ಹುಡುಗನೊಬ್ಬ ಸೂಚಿಸಿದ. ಹಿತ್ತಾಳೆ ತೇಲುವುದಿಲ್ಲವೆಂದು ವಿಜ್ಞಾನ ವಿಭಾಗದವನೊಬ್ಬ ಆಕ್ಷೇಪಿಸಿದ. ಜೇವರ್ಗಿ ಕಡೆಯ ರೈತರ ಮಗ ಮಾತ್ರ ನಿಜವಾದ ಗಂಡಾಂತರವನ್ನು ಕಂಡವನು: “ನೀರ್ ಹಾಕಿದ್ರ ಎರಿ ಉಬ್ಬತದ್ರಿ ಉಸ್ತಾದ್, ಬಿರುಕ್ ಮುಚ್ಕೊಂತದ. ಆಮ್ಯಾಗ ಇದರಪ್ಪ ಬಂದ್ರೂ ಹೊರಗ ಬರಲ್ಲ.” ಮೊದಲು ಖೋಕಾ ಉಬ್ಬಿ ಸಿಕ್ಕಿಕೊಂಡಿತ್ತು, ಈಗ ಚೇಂಬರೇ ಉಬ್ಬಲಿತ್ತು. ನೀರಿನ ಕೊಡವನ್ನು ದೂರ ಇಟ್ಟರು.

(ಇಂಥ ವಿಪತ್ತು ನನಗೊಬ್ಬನಿಗೇ ಬಂದದ್ದಲ್ಲವೆಂದು ಮುಂದೆ ಓದಿ ಸಮಾಧಾನಪಟ್ಟುಕೊಂಡೆ. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲೇಯಾ ಕಾಳಗದಲ್ಲಿ ಬ್ರಿಟಿಷ್ ಸಿಪಾಯಿಗಳ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಖೋಕಾ ಕಚ್ಚಿಕೊಂಡು ಕೈಕೊಟ್ಟವು. ಅವೂ ಒಂದೊಂದೇ ಗುಂಡಿನವು. ನಮ್ಮ ಕಲಬುರಗಿ ಕೋಟೆಯ ಮೇಲಿನ 29 ಅಡಿಯ ಬಾರಾಗಜ್ ತೋಪಿಗೆ ಈ ರಗಳೆಯೇ ಇಲ್ಲ. ಬಾಯಿಂದಲೇ ಮದ್ದು, ಬಾಯಿಂದಲೇ ಗುಂಡು. ಖೋಕಾ ಎಂಬುದೇ ಇರದ ಮೇಲೆ ಸಿಕ್ಕಿಕೊಳ್ಳುವುದು ಯಾವುದು?)

ಅಡುಗೆಯವರಿಂದ ಖುರ್ಪಿ ತಂದು ಅಗೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತು. ಒಂದು ಮೊಳ ಅಗೆದ ಮೇಲೆ ಖೋಕಾ ಕೈಗೆ ಹತ್ತಿತು. ಎತ್ತಿ ಹಿಡಿದು ಜೈಕಾರ ಹಾಕಿಸಿಕೊಳ್ಳುವ ಹೊತ್ತಿಗೆ ನೋಡಿದರೆ ಅದು ಕಪ್ಪುಗಟ್ಟಿತ್ತು. ಯಾವ ವರ್ಷದ ಯಾವ ಪುಣ್ಯಾತ್ಮನು ಕಳೆದುಕೊಂಡದ್ದೋ ಏನೋ. ಅದರ ಲೆಕ್ಕವನ್ನು ಅಂದು ಹೇಗೆ ಸರಿಪಡಿಸಿದ್ದರು ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಡಬ್ಬಿಗೆ ಹಾಕಿದರೆ 100 ಆಯಿತಲ್ಲ ಎಂದು ಎಲ್ಲರೂ ಎದ್ದು ಮೊಣಕಾಲು ಝಾಡಿಸಿಕೊಳ್ಳುತ್ತಿರುವಾಗ, ದುರದೃಷ್ಟವಶಾತ್, ನಾನು ಇನ್ನೊಂದು ಸಲ ಖುರ್ಪಿ ಆಡಿಸಿದೆ. ನನ್ನ ಖೋಕಾವೂ ಸಿಕ್ಕಿತು. ಅದಿನ್ನೂ ಕೊಬ್ಬರಿ ಎಣ್ಣೆ ನಾರುತ್ತಿತ್ತು.

ಈಗ 101 ಆದವು. ಉಸ್ತಾದರು ಕುರ್ಚಿಯ ಮೇಲೆ ಕುಳಿತು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನಿಟ್ಟುಸಿರು ಬಿಟ್ಟರು.

“ಒಂದ್ ಕಮ್ಮಿ ಆದ್ರ ಬೈಸ್ಕೊಂಡು ಸುಮ್ಮ ಇರಬೌದು ತಮ್ಮಾ. ಒಂದ್ ಹೆಚ್ಚಾದ್ರ, ಈ ಗುಂಡು ಎಲ್ಲಿಂದ ಬಂತು, ಯಾರು ಕೊಟ್ರು, ಯಾರಿಗ ಹೊಡದ್ರಿ ಅಂತ ಕೇಳ್ತಾರ. ಯಾರು ಹೇಳಾಂವ?”

ಕಪ್ಪುಗಟ್ಟಿದ್ದನ್ನು ನನ್ನ ಕೈಗೆ ಕೊಟ್ಟು, ಇನ್ನೂ ಅಗೆಯದೆ ಉಳಿದಿದ್ದ ಪಕ್ಕದ ಬಿರುಕನ್ನು ಕಣ್ಣಿನಿಂದಲೇ ತೋರಿಸಿದರು. ನಾನು ಆ ಕಡೆ ಈ ಕಡೆ ನೋಡಿ, ಹರಕೆ ಒಪ್ಪಿಸುವವನಂತೆ ಬಗ್ಗಿ, ಅದನ್ನು ಒಳಗೆ ಬಿಟ್ಟೆ.

“ಹೋಯ್ತೇನು?”

ಬೋರಲು ಮಲಗಿ ಇಣುಕಿದೆ. ಗೇಣುದ್ದ ಕೆಳಗೆ ಅದು ಅಡ್ಡಲಾಗಿ ಸಿಕ್ಕಿಕೊಂಡಿತ್ತು.

“ಉಸ್ತಾದ್,” ಎಂದೆ, ಈ ಸಲ ಕೈ ಎತ್ತಿ, “ಆ ಸಲಾಕಿ ಒಂದೀಟು ಕೊಡ್ರಿ.”