ಬಾವುಟ ನೆಟ್ಟವರ ಮಾತು

ಓರಿಯಂಟೀರಿಂಗ್ ಎಂದರೆ ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಇರಿಸಿದ ಬಾವುಟಗಳನ್ನು ಒಂದೊಂದಾಗಿ ಹುಡುಕುತ್ತ ಓಡುವ ಕ್ರೀಡೆ. ಅಂತಹ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿಕೊಟ್ಟ ಸ್ವಯಂಸೇವಕರ ಹಾಗೂ ಅದರಲ್ಲಿ ಓಡಿದವರ ಅನುಭವಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು, ಬೆಳಕು ಹರಿಯುವ ಮೊದಲೇ ಕಾಡಿಗೆ ಹೋಗಿ ಕಿತ್ತಳೆ-ಬಿಳಿ ಬಾವುಟಗಳನ್ನು ನಕ್ಷೆಯಲ್ಲಿ ಗುರುತಿಸಿದ ಬಂಡೆ, ತೊರೆಗಳ ಬಳಿಯೇ ಇರಿಸಿ, ಕೊನೆಯ ಓಟಗಾರ ಮರಳಿದ್ದು ಖಚಿತವಾದ ಮೇಲೆ ಮತ್ತೆ ಅವನ್ನು ಆಯ್ದು ತಂದವರ ಮಾತು. ಒಂದು ಬಾವುಟ ತಪ್ಪು ಬಂಡೆಯ ಬಳಿ ಇದ್ದರೆ ಇಡೀ ವಿಭಾಗದ ಫಲಿತಾಂಶವೇ ರದ್ದಾಗಬಹುದು. 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕಂಡ ಈ ಕ್ರೀಡೆಯ ನಕ್ಷೆಯಲ್ಲಿ ಬಿಳಿ ಬಣ್ಣವೆಂದರೆ ಸಲೀಸಾಗಿ ಓಡಬಹುದಾದ ಕಾಡು, ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಆ ಲೆಕ್ಕದಲ್ಲಿ ಮಳೆಗಾಲದ ನಮ್ಮ ಉಡುಪಿಯ ಹಾಡಿಗಳಿಗೆ, ಅಂದರೆ ಊರಂಚಿನ ಕಾಡುಗಳಿಗೆ, ಕಡುಹಸಿರೇ ಗತಿ. ಆದರೆ ಬೇಸಿಗೆಗೆ ಮುಂಚೆ ಹುಲ್ಲು ಒಣಗಿ ಬಯಲಾಗುವ ಮುರಕಲ್ಲಿನ ಪದವುಗಳಲ್ಲಿ (ಎತ್ತರದ ಬಯಲು ನೆಲಗಳಲ್ಲಿ) ಶಾಲಾ ಮಕ್ಕಳಿಗೊಂದು ಸಣ್ಣ ಓಟ ಏರ್ಪಡಿಸಬಹುದು. ಹಳೆಯ ಕಲ್ಲುಕೋರೆಗಳನ್ನು ಮಾತ್ರ ನಕ್ಷೆಯಲ್ಲಿ ತಪ್ಪದೆ ಗುರುತಿಸಿ, ಸುತ್ತ ಹಗ್ಗ ಕಟ್ಟಬೇಕು.