ಸೇವಂತಿಗೆಗೆ ಸಿಕ್ಕ ಬಡ್ತಿ

ಸರ್ಕಾರದಲ್ಲಿ ಮೇಲಿನವರು ಹೋದರೆ ಕೆಳಗಿನವರಿಗೆ ಬಡ್ತಿ ಸಿಗುತ್ತದೆ. ಇದು ಎಲ್ಲ ದೇಶದಲ್ಲೂ ಇರುವುದೇ. ಆದರೆ ಉಪಾಧ್ಯಕ್ಷರು ಹೋದ ಜಾಗಕ್ಕೆ ಸೇವಂತಿಗೆ ಹೂವನ್ನು ತಂದು ಕೂರಿಸಿದ ಹೆಗ್ಗಳಿಕೆ ಚೀನಾದ್ದು.

1949ರ ಅಕ್ಟೋಬರ್ 1ರಂದು ಬೀಜಿಂಗ್‌ನ ತಿಯಾನನ್ಮೆನ್ ದ್ವಾರದ ಮೇಲೆ ನಿಂತು ಮಾವೊ ಹೊಸ ಗಣರಾಜ್ಯವನ್ನು ಘೋಷಿಸಿದರು. 1953ರಲ್ಲಿ ಡಾಂಗ್ ಶೀವೆನ್ ಎಂಬ ಚಿತ್ರಗಾರರು ಆ ಸಮಾರಂಭವನ್ನು ಸುಮಾರು 4 ಮೀಟರ್ ಅಗಲದ ತೈಲಚಿತ್ರವಾಗಿ ಬಿಡಿಸಿದರು. ಮಾವೊಗೆ ಇಷ್ಟವಾಯಿತು. ಅಂದ ಮೇಲೆ ಎಲ್ಲರಿಗೂ ಇಷ್ಟವಾಯಿತು. ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿಯ ಮುಖಪುಟದಲ್ಲಿ ಬಂತು, ಪೋಸ್ಟರ್ ಆಗಿ ಲಕ್ಷಗಟ್ಟಲೆ ಅಚ್ಚಾಯಿತು.

ಪೋಸ್ಟರ್ ಮೇಲೆ ಅಷ್ಟೊಂದು ಆಸೆ ಯಾಕೆ ಅಂದರೆ, ಹಳ್ಳಿಗರಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಗೋಡೆಗೆ ಚಿತ್ರ ಅಂಟಿಸುವ ಅಭ್ಯಾಸ ಮಾತ್ರ ಚೆನ್ನಾಗಿತ್ತು. ಹೊಸ ವರ್ಷ ಬಂದರೆ ಬಾಗಿಲಿಗೆ ದ್ವಾರದೇವರು, ಅಡುಗೆಮನೆಗೆ ಒಲೆದೇವರು. ಜಪಾನ್ ವಿರುದ್ಧ ಯುದ್ಧ ನಡೆಯುತ್ತಿದ್ದಾಗಲೇ ಕಮ್ಯುನಿಸ್ಟರ ನೆಲೆಯಾಗಿದ್ದ ಯಾನಾನ್‌ನ ಕಲಾವಿದರು ಇದನ್ನು ಗಮನಿಸಿದ್ದರು. ಮರದಚ್ಚಿನಲ್ಲಿ ಪಾಶ್ಚಾತ್ಯ ಶೈಲಿಯ ನೆರಳು-ಬೆಳಕು ಹಾಕಿ ಕ್ರಾಂತಿಯ ಚಿತ್ರ ತೋರಿಸಿದರೆ, ಮುಖ ಅರ್ಧ ಕಪ್ಪು ಅರ್ಧ ಬಿಳಿ ಇದೆಯಲ್ಲ ಎಂದು ರೈತರು ಮೂಗು ಮುರಿದರು. ಕಲಾವಿದರು ನೆರಳನ್ನೇ ತೆಗೆದುಬಿಟ್ಟರು. ಅಲ್ಲಿಂದ ಮುಂದೆ ಕ್ರಾಂತಿಯಲ್ಲಿ ಯಾರ ಮುಖದ ಮೇಲೂ ನೆರಳು ಬೀಳಲಿಲ್ಲ, ಚಿತ್ರದಲ್ಲಂತೂ.

1949ರ ನವೆಂಬರ್‌ನಲ್ಲಿ ಸಂಸ್ಕೃತಿ ಸಚಿವಾಲಯ ಹೊಸ ಮಾದರಿಯ ಹೊಸವರ್ಷದ ಚಿತ್ರ ಬೇಕೆಂದು ಆದೇಶ ಹೊರಡಿಸಿತು. ದೇವರ ಜಾಗಕ್ಕೆ ರೈತರು, ಕಾರ್ಮಿಕರು, ಸೈನಿಕರು. ಬಿಡಿಸುವವರು ಯಾರು? ಶಾಂಘೈನಲ್ಲಿ ಸಿಗರೇಟ್ ಕಂಪನಿಗಳ ಕ್ಯಾಲೆಂಡರ್‌ಗೆ ಚೆಲುವೆಯರನ್ನು ಬಿಡಿಸುತ್ತಿದ್ದ ಜಿನ್ ಮೇಶೆಂಗ್, ಲಿ ಮೂಬಾಯ್ ಅವರಂಥ ನುರಿತ ಕೈಗಳೇ. ರೇಷ್ಮೆ ಉಡುಪು ಹೋಗಿ ಹತ್ತಿಯ ಅಂಗಿ ಬಂತು, ಸಿಗರೇಟ್ ಹೋಗಿ ಸೌತೆಕಾಯಿ ಬುಟ್ಟಿ ಬಂತು. ಕೆನ್ನೆಯ ಕೆಂಪು ಮಾತ್ರ ಬಂಡವಾಳಶಾಹಿ ಕಾಲದ್ದೇ ಉಳಿಯಿತು. ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದ ಹೆಂಗಸಿನ ಒಂದು ಕೂದಲೂ ಕದಲಿಲ್ಲ.

ಇನ್ನು ನಮ್ಮ ಡಾಂಗ್ ಅವರ ಚಿತ್ರ. ಮುಂದಿನ ಚೌಕ ವಿಶಾಲವಾಗಿ ಕಾಣಲಿ ಎಂದು ಅವರು ದ್ವಾರದ ಒಂದು ಕಂಬವನ್ನೇ ತೆಗೆದಿದ್ದರು. ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್, ಕಟ್ಟಡದ ಲೆಕ್ಕದಲ್ಲಿ ಇದು ತಪ್ಪು, ಕಲೆಯ ಲೆಕ್ಕದಲ್ಲಿ ಭೇಷ್ ಎಂದರು. ಈ ಮಾತು ಬೇಡದ ಕಿವಿಗೂ ಬಿದ್ದಿರಬೇಕು. ಕಂಬ ತೆಗೆದರೂ ಕಟ್ಟಡ ನಿಲ್ಲುವುದಾದರೆ, ಮನುಷ್ಯರನ್ನು ತೆಗೆದರೆ ಏನಾದೀತು?

ಮೊದಲ ಸರದಿ ಗಾವೊ ಗಾಂಗ್ ಅವರದು. ಸರ್ಕಾರದ ಉಪಾಧ್ಯಕ್ಷರಲ್ಲಿ ಒಬ್ಬರು, ಚಿತ್ರದಲ್ಲಿ ಮಾವೊ ಪಕ್ಕದಲ್ಲೇ ನಿಂತಿದ್ದವರು. 1954ರಲ್ಲಿ ಅವರ ಮೇಲೆ ಪಕ್ಷದ್ರೋಹದ ಆರೋಪ ಬಂತು, ಅದೇ ವರ್ಷ ಆತ್ಮಹತ್ಯೆ ಮಾಡಿಕೊಂಡರು. ಸತ್ತವರು ಚಿತ್ರದಲ್ಲಿ ಇನ್ನೂ ನಿಂತಿದ್ದಾರಲ್ಲ! ಡಾಂಗ್‌ಗೆ ಕರೆ ಹೋಯಿತು. ಅವರು ಗಾವೊರನ್ನು ಅಳಿಸಿ, ಕಾಲ ಬುಡದಲ್ಲಿದ್ದ ನಸುಗೆಂಪು ಸೇವಂತಿಗೆಯನ್ನು ಹಿಗ್ಗಿಸಿ ಜಾಗ ತುಂಬಿಸಿದರು. ಆಡಳಿತದ ದೃಷ್ಟಿಯಿಂದ ಜಾಣ ನೇಮಕ. ಸೇವಂತಿಗೆ ಬಣ ಕಟ್ಟುವುದಿಲ್ಲ, ಭಾಷಣ ಮಾಡುವುದಿಲ್ಲ, ಅದಕ್ಕೆ ಮಾಸ್ಕೋದಲ್ಲಿ ಗೆಳೆಯರೂ ಇರುವುದಿಲ್ಲ.

ಪಾಪ, ಪೋಸ್ಟರ್ ಕೊಂಡವರ ಕಥೆ ಯೋಚಿಸಿ. ದುಡ್ಡು ಕೊಟ್ಟು ತಂದು ಗೋಡೆಗೆ ಅಂಟಿಸಿದ್ದೀರಿ. ಒಂದು ಬೆಳಿಗ್ಗೆ ಅದರಲ್ಲಿ ದ್ರೋಹಿಯೊಬ್ಬ ನಗುತ್ತಾ ನಿಂತಿದ್ದಾನೆ. ಕಿತ್ತರೆ ಮಾವೊ ಚಿತ್ರ ಹರಿದ ಅಪರಾಧ, ಬಿಟ್ಟರೆ ದ್ರೋಹಿಯನ್ನು ಮನೆಯಲ್ಲಿಟ್ಟುಕೊಂಡ ಅಪರಾಧ. ಹಿಂದೆ ಅದೇ ಗೋಡೆಯಲ್ಲಿದ್ದ ಒಲೆದೇವರು ವರ್ಷಕ್ಕೊಮ್ಮೆ ಸ್ವರ್ಗಕ್ಕೆ ಹೋಗಿ ಮನೆಯವರ ವರದಿ ಒಪ್ಪಿಸುತ್ತಿದ್ದ. ಅವನೇ ವಾಸಿ. ಬಾಯಿಗೆ ಸಿಹಿ ಅಂಟಿಸಿ ಕಳಿಸಿದರೆ ಸುಮ್ನಿರುತ್ತಿದ್ದ.

ನಡುವೆ 1958ರಲ್ಲಿ ಮಹಾ ಜಿಗಿತ ಬಂತು, ಅಂದರೆ ಬೆಳೆ, ಉಕ್ಕು ಎಲ್ಲವನ್ನೂ ಒಂದೇ ನೆಗೆತಕ್ಕೆ ಹೆಚ್ಚಿಸುವ ಮಾವೊ ಅವರ ಯೋಜನೆ. ಚಿತ್ರ ತಿದ್ದುವ ಕೆಲಸಕ್ಕೆ ಆಗ ಸ್ವಲ್ಪ ಬಿಡುವು, ಯಾಕೆಂದರೆ ಹೊಲವನ್ನೇ ತಿದ್ದುತ್ತಿದ್ದರು. ಪೋಸ್ಟರ್ ಮತ್ತು ಗೋಡೆಚಿತ್ರಗಳಲ್ಲಿ ಕಡಲೆಕಾಯಿ ದೋಣಿಯಾಯಿತು, ಹಂದಿ ಆನೆ ಗಾತ್ರಕ್ಕೆ ಬೆಳೆಯಿತು. ಆಗಸ್ಟ್‌ನಲ್ಲಿ ಹೂಬೇ ಪ್ರಾಂತ್ಯದ ಮಾಚೆಂಗ್‌ನಿಂದ ಒಂದು ಫೋಟೋ ಬಂತು. ಭತ್ತ ಎಷ್ಟು ಒತ್ತಾಗಿ ಬೆಳೆದಿದೆ ಅಂದರೆ ತೆನೆಯ ಮೇಲೆ ಮಕ್ಕಳು ನಿಂತಿದ್ದಾರೆ. ಅವರು ಹೇಳಿದ ಇಳುವರಿಯನ್ನು ಎಕರೆ ಲೆಕ್ಕಕ್ಕೆ ತಂದರೆ 100 ಟನ್‌ಗೂ ಜಾಸ್ತಿ. ಒಳ್ಳೆ ಗದ್ದೆಯಲ್ಲಿ ಎರಡು ಮೂರು ಟನ್ ಬಂದರೆ ರೈತ ಹಬ್ಬ ಮಾಡುತ್ತಾನೆ. ಬೇರೆ ಗದ್ದೆಗಳ ಪೈರು ಕಿತ್ತು ತಂದು ಒಂದೇ ಗದ್ದೆಗೆ ನೆಟ್ಟಿದ್ದರು, ಮಕ್ಕಳ ಕಾಲಡಿ ಬೆಂಚು ಇತ್ತು ಅನ್ನುವುದು ಆಮೇಲೆ ಹೊರಬಿತ್ತು. ಕಾಗದದ ಮೇಲಿನ ಆ ಬೆಳೆಯನ್ನು ನಂಬಿ ಸರ್ಕಾರ ಹಳ್ಳಿಗಳಿಂದ ನಿಜವಾದ ಧಾನ್ಯ ಎತ್ತಿತು. 1959ರಿಂದ 61ರವರೆಗಿನ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಅವರನ್ನು ಯಾವ ಚಿತ್ರದಿಂದಲೂ ಅಳಿಸಬೇಕಾಗಿ ಬರಲಿಲ್ಲ, ಬಿಡಿಸಿಯೇ ಇರಲಿಲ್ಲ.

ಮಾವೊ ತಮ್ಮದೇ ಪಕ್ಷದ ದೊಡ್ಡವರನ್ನು ಕೆಳಗಿಳಿಸಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಡಾಂಗ್‌ಗೆ ಮತ್ತೆ ಕರೆ. ಈ ಸಲ ಹೋಗಬೇಕಾದವರು ಲಿಯು ಶಾವೊಚಿ, ಸಾಕ್ಷಾತ್ ರಾಷ್ಟ್ರಾಧ್ಯಕ್ಷರು. ಅಷ್ಟು ದೊಡ್ಡವರ ಜಾಗಕ್ಕೆ ಸೇವಂತಿಗೆ ಸಾಲದು, ಪಕ್ಷದ ಹಿರಿಯ ನಾಯಕ ಡಾಂಗ್ ಬೀವು ಅವರನ್ನು ತಂದರು. ಲಿಯು 1969ರಲ್ಲಿ ಕೈಫೆಂಗ್‌ನಲ್ಲಿ ಬಂಧನದಲ್ಲೇ ಸತ್ತಾಗ ದಹನದ ಕಾಗದಗಳಲ್ಲಿ ಬೇರೆ ಹೆಸರು ಬರೆದು, ಉದ್ಯೋಗ ಇಲ್ಲ ಎಂದು ನಮೂದಿಸಿದರು. ಚಿತ್ರಕ್ಕೂ ದಾಖಲೆಗೂ ತಾಳೆಯಾಗಬೇಕಲ್ವಾ?

1972ರ ಆದೇಶವಂತೂ ಎಲ್ಲಕ್ಕೂ ಮಿಗಿಲು. ಎಡ ತುದಿಯ ಬಿಳಿಗೂದಲಿನ ಮುದುಕ ಲಿನ್ ಬೋಚು ಹೋಗಬೇಕು. ಮಾವೊ ಮತ್ತು ಆಗ ಅಧಿಕಾರದ ತುದಿಯಲ್ಲಿದ್ದ ಅವರ ಹೆಂಡತಿ ಜಿಯಾಂಗ್ ಚಿಂಗ್ ಮದುವೆಗೆ ಲಿನ್ ಹಿಂದೆ ಯಾವಾಗಲೋ ಬೇಡ ಅಂದಿದ್ದರಂತೆ, ಹಾಗೊಂದು ಮಾತಿದೆ. ಲಿನ್ ತೀರಿಕೊಂಡು ಆಗಲೇ 12 ವರ್ಷ. ಇನ್ನೊಂದು ತಮಾಷೆ, ಅಂದು ಸಮಾರಂಭ ಶುರುವಾಯಿತು ಎಂದು ಘೋಷಿಸಿದವರೇ ಅವರು. ಡಾಂಗ್ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು, ಕ್ಯಾನ್ವಾಸ್ ಕೂಡ ಇನ್ನೊಂದು ತಿದ್ದುಪಡಿ ತಾಳುವ ಸ್ಥಿತಿಯಲ್ಲಿರಲಿಲ್ಲ. ಜಿನ್ ಶಾಂಗ್ಯಿ ಮತ್ತು ಜಾವೊ ಯು ಹೊಸ ಪ್ರತಿಯನ್ನೇ ಬಿಡಿಸಿದರು, ಲಿನ್ ಇಲ್ಲದೆ. ಡಾಂಗ್ 1973ರಲ್ಲಿ ತೀರಿಕೊಂಡರು. ಅವರನ್ನು ಮತ್ತೆ ಕರೆಯಲು ದಾರಿ ಉಳಿಯಲಿಲ್ಲ.

1979ಕ್ಕೆ ಗಾಳಿ ತಿರುಗಿತು. ಪ್ರತಿಯಲ್ಲಿ ಮೂವರೂ ಮರಳಿ ಬಂದರು. ಲಿಯು ಅವರಿಗೆ ಮರುವರ್ಷ ಪಕ್ಷ ಗೌರವವನ್ನೂ ವಾಪಸ್ ಕೊಟ್ಟಿತು. ಗಾವೊ ಗಾಂಗ್ ಮೇಲಿನ ತೀರ್ಪನ್ನು ಮಾತ್ರ ಪಕ್ಷ ಇಂದಿಗೂ ವಾಪಸ್ ಪಡೆದಿಲ್ಲ. ಹಾಗಾಗಿ ಪಕ್ಷದ ಕಡತದಲ್ಲಿ ಅವರು ತಪ್ಪಿತಸ್ಥ, ಚಿತ್ರದಲ್ಲಿ ಮಾವೊ ಪಕ್ಕದ ಉಪಾಧ್ಯಕ್ಷ. ಎರಡು ಇಲಾಖೆಗಳ ನಡುವೆ ಫೈಲ್ ಇನ್ನೂ ಓಡಾಡಿಲ್ಲ ಅಂತ ಕಾಣುತ್ತದೆ.