ಕರೆದವರೇ ಕದ ಹಾಕಿಕೊಂಡರೆ

ವಿದೇಶದ ವಿಶ್ವವಿದ್ಯಾಲಯಗಳಿಗೆ ನಮ್ಮ ಹಾಸನದ ಹುಡುಗರ ಮೇಲೆ ಎಲ್ಲಿಲ್ಲದ ನಂಬಿಕೆ. ಬಿ.ಇ. ಮಾರ್ಕ್ಸ್ ಕಾರ್ಡು ಅಪ್‌ಲೋಡ್ ಮಾಡಿ ಅರ್ಜಿ ಫೀಸು ಕಟ್ಟಿದರೆ ಸಾಕು, ‘ಅಭಿನಂದನೆಗಳು, ನಿಮ್ಮಂಥವರಿಗೇ ಕಾಯ್ತಿದ್ದೆವು’ ಅನ್ನೋ ಧಾಟಿಯ ಮೇಲ್ ಬಂದುಬಿಡುತ್ತದೆ. ಮೂರನೇ ಸೆಮಿಸ್ಟರಿನ ಗಣಿತವನ್ನು ಮತ್ತೆ ಮತ್ತೆ ಕಟ್ಟಿ ಪಾಸಾದವನಿಗೂ ಬರುತ್ತದೆ. ಹೆತ್ತವರೇ ಅವನನ್ನು ಅಷ್ಟು ನಂಬಿರುವುದಿಲ್ಲ.

ಆ ಮೇಲ್ ಹಿಡಿದುಕೊಂಡು ಅದೇ ದೇಶದ ವೀಸಾ ಕಿಟಕಿ ಮುಂದೆ ನಿಲ್ಲಲಿ ನೋಡೋಣ. ಅಲ್ಲಿ ಅವನು, ಕಳ್ಳನಲ್ಲ ಅಂತ ರುಜುವಾತಾಗುವವರೆಗೂ ಕಳ್ಳ. ಯಾಕೆ ಬರ್ತೀಯ, ಯಾರ ದುಡ್ಡು, ಯಾವಾಗ ವಾಪಸ್ ಹೋಗ್ತೀಯ? ಕರೆದವರೂ ಅವರೇ, ಕದ ಹಾಕಿಕೊಂಡು ಒಳಗಿಂದ ‘ಯಾರದು?’ ಅಂತ ಕೇಳುವವರೂ ಅವರೇ.

ಬೇಲೂರಿನ ಹತ್ತಿರ ನಾಲ್ಕು ಎಕರೆ ಕಾಫಿ ತೋಟ ಇರುವ ನಮ್ಮ ಭಾವನ ಮಗನಿಗೆ ಮೂರು ದೇಶದಿಂದ ಇಂಥ ಅಭಿನಂದನೆ ಬಂದಿದೆ. ಅಮೆರಿಕ, ಇಂಗ್ಲೆಂಡ್, ಜರ್ಮನಿ. ಯಾವುದು ಒಳ್ಳೇದು ಅಂತ ಅಕ್ಕ ಫೋನಿನಲ್ಲಿ ಕೇಳಿದಾಗ ನಾನು ಸುಮ್ನೆ, ಪಾಠ ಏನಿದೆ, ಮೇಷ್ಟ್ರು ಹೇಗೆ ಅಂತೆಲ್ಲ ವಿಚಾರಿಸಿದೆ. ‘ಅದೆಲ್ಲ ಆಮೇಲೆ ಕಣೋ. ಮೊದಲು ಯಾರು ಒಳಗೆ ಬಿಡ್ತಾರೆ ಅದನ್ನ ಹೇಳು’ ಅಂದಳು. ಆಯ್ಕೆ ಅಂದರೆ ಇಷ್ಟೇ. ಮೂರು ಅನುಮಾನಗಳಲ್ಲಿ ನಮ್ಮ ಕೈಗೆ ಎಟುಕುವ ಅನುಮಾನ ಯಾವುದು ಅಂತ ಹುಡುಕುವುದು.

ಜರ್ಮನಿ ಮೊದಲೇ ಬಿದ್ದುಹೋಯಿತು. ಕಾರಣ ಕೇಳಿದರೆ ನಗಬಾರದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಂಥ ಕೆಲವು ಕಡೆ ಮಾತ್ರ ನಮ್ಮಂಥವರಿಂದ ತಗೊಳ್ತಾರೆ, ಅದೂ ಸೆಮಿಸ್ಟರಿಗೆ 1,500 ಯೂರೋ. ಭಾವನಿಗೆ ಇದೇ ಗುಮಾನಿ. ‘ಫ್ರೀ ಅಂದ್ರೆ ಏನೋ ಮಸಲತ್ತು ಇದೆ ಕಣಯ್ಯ. ನಮ್ಮ ಊರಲ್ಲಿ ಎಲ್‌ಕೆಜಿಗೇ ಡೊನೇಷನ್ ಕೇಳ್ತಾರೆ, ಅಲ್ಲಿ ಎಂಎಸ್ ಯಾಕೆ ಪುಕ್ಕಟೆ ಕೊಡ್ತಾರೆ?’ ಬಿ.ಎಂ. ರಸ್ತೆಯ ಕನ್ಸಲ್ಟೆನ್ಸಿಯವನೂ ಜರ್ಮನಿ ಹೆಸರೆತ್ತಿದರೆ ಮುಖ ಸಣ್ಣ ಮಾಡಿದ. ಈ ಕನ್ಸಲ್ಟೆನ್ಸಿಗಳು ಹುಡುಗರಿಗೆ ಉಚಿತ ಸಲಹೆ ಕೊಡುತ್ತವೆ. ಅವರ ಕಮಿಷನ್ನು ವಿಶ್ವವಿದ್ಯಾಲಯದಿಂದ ಬರುತ್ತದೆ. ಫೀಸೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಹುಟ್ಟಬೇಕು, ಪಾಪ. ಅವನು ಮೇಜಿನ ಮೇಲೆ ಹರಡಿದ ಬಣ್ಣದ ಕಾಗದಗಳಲ್ಲಿ ನಾವು ಕೇಳಿದ್ದ ಒಂದೇ ಒಂದು ಹೆಸರೂ ಇರಲಿಲ್ಲ. ಎಲ್ಲವೂ ‘ಟಾಪ್ ರ‍್ಯಾಂಕಿಂಗ್’.

ಜರ್ಮನಿಯವರೇನೂ ಕಣ್ಣು ಮುಚ್ಚಿ ನಂಬುವವರಲ್ಲ. 2022ರ ನವೆಂಬರ್‌ನಿಂದ ನಮ್ಮ ದೇಶದವರ ಮಾರ್ಕ್ಸ್ ಕಾರ್ಡು ಅಸಲಿಯೋ ನಕಲಿಯೋ ಅಂತ ನೋಡಲು ಎ.ಪಿ.ಎಸ್. ಸರ್ಟಿಫಿಕೇಟು ಬೇಕು. ಅದಕ್ಕೆ 18,000 ರೂಪಾಯಿ. ಆಮೇಲೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ದುಡ್ಡು ನಿಮ್ಮದೇ, ಬೀಗ ಅವರದು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. ನಮ್ಮ ಅಜ್ಜಿ ಇದೇ ಪದ್ಧತಿಯನ್ನು ಸಾಸಿವೆ ಡಬ್ಬಿಯಲ್ಲಿ ನಡೆಸಿದ್ದರು. ಯಾರೂ ಅದಕ್ಕೆ ಕಾನೂನು ಅನ್ನುತ್ತಿರಲಿಲ್ಲ.

ಅಮೆರಿಕದ ಕತೆ ಬೇರೆ. ಹುಡುಗನಿಗೆ ಮನಸ್ಸಿದ್ದದ್ದು ಅಲ್ಲಿಗೇ. ಅಲ್ಲಿನ ಕೋರ್ಸು ಅವನಿಗೆ ಬೇಕಾದ್ದೇ ಆಗಿತ್ತು. ಆದರೆ ಅಲ್ಲಿ 1952ರ ಒಂದು ಕಾನೂನಿದೆ. ಅದರ 214(ಬಿ) ಸೆಕ್ಷನ್ ಪ್ರಕಾರ ವೀಸಾ ಕೇಳಲು ಬಂದ ವಿದ್ಯಾರ್ಥಿ ಅಲ್ಲೇ ನೆಲೆಸಲು ಬಂದವನು ಅಂತಲೇ ಲೆಕ್ಕ. ಅಲ್ಲ ಅಂತ ತೋರಿಸಬೇಕಾದವನು ಅವನೇ. ಸರಿ, ಓದು ಮುಗಿದ ಕೂಡಲೇ ಬಂದುಬಿಡ್ತೀನಿ ಅಂತ ಆಣೆ ಇಡೋಣ ಅಂದರೆ, ವಿಶ್ವವಿದ್ಯಾಲಯದ ಕೈಪಿಡಿ ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಏನಿದೆ? ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಿ, ವಿಜ್ಞಾನ ತಂತ್ರಜ್ಞಾನದವರಾದರೆ ಇನ್ನೂ 24 ತಿಂಗಳು ಮಾಡಿ, ಬನ್ನಿ ಬನ್ನಿ! ಫೀಸು ಕೇಳುವಾಗ ಇರಪ್ಪ ಅಂತಾರೆ. ವೀಸಾ ಕೇಳುವಾಗ, ಇರ್ತೀನಿ ಅಂದ್ಯೋ ಕೆಟ್ಟೆ. ಹುಡುಗ ಕನ್ನಡಿ ಮುಂದೆ ನಿಂತು ‘ಐ ವಿಲ್ ಕಮ್ ಬ್ಯಾಕ್’ ಅಂತ ಬಾಯಿಪಾಠ ಮಾಡುತ್ತಿದ್ದ. ಅಕ್ಕ ಅಡುಗೆಮನೆಯಿಂದ ‘ಜೋರಾಗಿ ಹೇಳು, ನಂಗೂ ಸಮಾಧಾನ ಆಗ್ಲಿ’ ಅಂದಳು.

ಇಷ್ಟು ಕೇಳಿಸಿಕೊಳ್ಳುವ ಮುಂಚೆಯೇ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ಅನ್ನೋ ವ್ಯವಸ್ಥೆಗೆ 350 ಡಾಲರ್ ಫೀಸು, 185 ಡಾಲರ್ ವೀಸಾ ಫೀಸು ಕಟ್ಟಿರಬೇಕು. ಬೇಡ ಅಂದರೂ ವಾಪಸ್ ಇಲ್ಲ. ಕಳೆದ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಅರ್ಜಿಯಲ್ಲಿ ಬರೆಯಬೇಕು. 2025ರ ಜೂನ್‌ನಿಂದ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದೂ ಇಡಬೇಕು. ನಮ್ಮ ಹುಡುಗನ ಇನ್‌ಸ್ಟಾಗ್ರಾಮ್ ತೆರೆದರೆ ಏನು ಸಿಗುತ್ತದೆ? ಎರಡು ಬಿರಿಯಾನಿ, ಒಂದು ಮುಳ್ಳಯ್ಯನಗಿರಿ, ಆಮೇಲೆ ಊರಿನ ಪುಢಾರಿಯೊಬ್ಬನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಹದಿನೆಂಟು ತಲೆಗಳ ಪೈಕಿ ಅವನದೊಂದು ತಲೆ. ಅಷ್ಟಕ್ಕೆ ಅಮೆರಿಕದ ಭದ್ರತೆಗೆ ಏನಾಗುತ್ತದೋ ಅಂತ ಭಾವ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಫ್ಲೆಕ್ಸ್ ಫೋಟೋ ತೆಗೆಯಲಾ ಅಂತ ಹುಡುಗ ಕೇಳಿದ. ತೆಗೆದರೆ ಇನ್ನೂ ಅನುಮಾನ ಬರುತ್ತದೆ ಅಂದ ಕನ್ಸಲ್ಟೆನ್ಸಿಯವನು.

2025ರ ಜನವರಿಯಲ್ಲಿ ಬೆಂಗಳೂರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು ಅಂದಾಗ ನಮ್ಮ ಕಡೆ ಸಿಹಿ ಹಂಚಿದವರೂ ಇದ್ದರು. ವೀಸಾ ಕೊಡುವ ಕೆಲಸ ಮಾತ್ರ ಶುರುವಾಗಿರಲಿಲ್ಲ. 2007ರಲ್ಲಿ ಶಂಕುಸ್ಥಾಪನೆ ಮಾಡಿ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ ವರ್ಷಗಟ್ಟಲೆ ಕಾದ ನಮ್ಮ ಜಿಲ್ಲೆಗೆ ಇದೇನು ಹೊಸದಲ್ಲ ಬಿಡಿ. ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಹೋಗಲು ಸ್ಲಾಟ್ ಸಿಗಬೇಕು. ಸ್ಲಾಟಿಗೆ ಹುಡುಗರು ರಾತ್ರಿ ಎರಡು ಗಂಟೆಗೆ ಟೆಲಿಗ್ರಾಮ್ ಗುಂಪು ನೋಡುತ್ತಾ ಕೂತಿರುತ್ತಾರೆ.

ಇದಕ್ಕಿಂತ ನಮ್ಮ ಹಾಸನಾಂಬೆ ಎಷ್ಟೋ ವಾಸಿ. ಅವಳೂ ವರ್ಷಕ್ಕೊಮ್ಮೆಯೇ ಬಾಗಿಲು ತೆಗೆಯುವುದು. ಆದರೆ ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ತೆಗೀತಾಳೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾಳೆ ಅಂತ ಇಡೀ ಊರಿಗೇ ಗೊತ್ತು. ಪಂಚಾಂಗ ನೋಡಿದರೆ ಸಾಕು, ಟೆಲಿಗ್ರಾಮ್ ಬೇಡ. ಜಾಸ್ತಿ ಹೊತ್ತು ನಿಲ್ಲಲಾರದವರಿಗೆ 300 ರೂಪಾಯಿ, 1,000 ರೂಪಾಯಿ ಟಿಕೆಟ್ಟಿನ ಸಾಲು. ಬ್ರಿಟನ್ನಿನವರೂ ಇದೇ ಸಾಲು ಮಾಡಿದ್ದಾರೆ. ವೀಸಾ ಅರ್ಜಿ ಬೇಗ ನೋಡಲು 500 ಪೌಂಡ್, ಇನ್ನೂ ಬೇಗ ನೋಡಲು 1,000 ಪೌಂಡ್. ವ್ಯತ್ಯಾಸ ಇಷ್ಟೇ. ಸಾವಿರ ರೂಪಾಯಿ ಟಿಕೆಟ್ ತಗೊಂಡವನನ್ನು ದೇವಿ ಗರ್ಭಗುಡಿ ಬಾಗಿಲಲ್ಲಿ ತಡೆದು, ‘ನಿನ್ನ ಊರಿಗೆ ವಾಪಸ್ ಹೋಗ್ತೀಯ ಅಂತ ಏನು ಗ್ಯಾರಂಟಿ?’ ಅಂತ ಕೇಳುವುದಿಲ್ಲ.

ಊರಿಗೆ ವಾಪಸ್ ಬರಲು ಇಲ್ಲಿ ಬೇರು ಇರಬೇಕಲ್ಲ, ಅದಕ್ಕೆ ಆಸ್ತಿ ಕಾಗದ ಒಟ್ಟು ಮಾಡಿ ಅಂದ ಕನ್ಸಲ್ಟೆನ್ಸಿಯವನು. ಪಹಣಿ ತೆಗೆಸಿದರೆ ನಾಲ್ಕು ಎಕರೆಯೂ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರ ಭಾಗ ಆಗಿದ್ದು ಬಾಯಿಮಾತಿನಲ್ಲಿ. ಪೋಡಿ ಆಗಿಲ್ಲ, ಖಾತೆ ಆಗಿಲ್ಲ. ಲೆಕ್ಕ ಹಾಕಿದರೆ ಆ ಮನೆಯಲ್ಲಿ ಅಮೆರಿಕಕ್ಕೆ ಹೋಗಿ ಖಂಡಿತ ವಾಪಸ್ ಬರುವಷ್ಟು ಆಸ್ತಿ ಇರುವುದು ತಾತನಿಗೆ ಮಾತ್ರ. ವಂಶವೃಕ್ಷಕ್ಕೆ ನಾಡಕಚೇರಿಗೆ ಅರ್ಜಿ ಹಾಕಿದರು.

ಅದೇ ತೋಟದ ಕಾಗದ ತಗೊಂಡು ಭಾವ ಎಜುಕೇಷನ್ ಲೋನಿಗೆ ಬ್ಯಾಂಕಿಗೆ ಹೋದರು. ಕೃಷಿ ಜಮೀನು ಅಡಮಾನಕ್ಕೆ ನಡೆಯಲ್ಲ, ಸೈಟು ಮನೆ ಏನಾದ್ರೂ ಇದ್ರೆ ತನ್ನಿ ಅಂದರು ಮ್ಯಾನೇಜರ್. ಒಂದೇ ತೋಟ. ಬ್ಯಾಂಕಿನ ಲೆಕ್ಕದಲ್ಲಿ ಅದು ಆಸ್ತಿಯೇ ಅಲ್ಲ. ವೀಸಾಕ್ಕೆ ಅಂತ ಸಿ.ಎ. ಬರೆದುಕೊಡುವ ಆಸ್ತಿ ಪತ್ರದಲ್ಲಿ ಕೋಟಿ ಬಾಳುತ್ತದೆ. ಆನೆಗಳಿಗೆ ಮಾತ್ರ ಅದರ ನಿಜವಾದ ಬೆಲೆ ಗೊತ್ತು. ವರ್ಷಕ್ಕೆ ನಾಲ್ಕು ಸಲ ಬಂದು ತಿಂದು ತುಳಿದು ಹೋಗುತ್ತವೆ. ವಾಪಸ್ ಹೋಗ್ತೀರಾ ಅಂತ ಅವನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಒಳ್ಳೇದಿತ್ತು. ಇಷ್ಟೆಲ್ಲ ಸೇರಿಸಿದ ದಪ್ಪ ಫೈಲನ್ನು ಕಿಟಕಿಯಾಚೆಯವರು ಬಹಳ ಸಲ ತೆರೆದೂ ನೋಡುವುದಿಲ್ಲ ಅಂತ ಹೋಗಿಬಂದ ಹುಡುಗರು ಹೇಳುತ್ತಾರೆ. ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದಂತೆ.

ಹುಡುಗನಿಗೆ ಕಾಲೇಜು ಶುರುವಾಗುವ ಮುಂಚೆ ಸ್ಲಾಟೇ ಸಿಗಲಿಲ್ಲ. ಉಳಿದದ್ದು ಇಂಗ್ಲೆಂಡ್.

ಇಂಗ್ಲೆಂಡಿನವರ ಗುಣ ಏನೆಂದರೆ ಅವರ ಅನುಮಾನವನ್ನು ಎಣಿಸಬಹುದು. ಲಂಡನ್ ಹೊರಗಿನ ಊರಾದರೆ ತಿಂಗಳಿಗೆ 1,171 ಪೌಂಡಿನಂತೆ 9 ತಿಂಗಳ ಖರ್ಚು, ಅಂದರೆ 12 ಲಕ್ಷ ರೂಪಾಯಿಯ ಆಚೆ ಈಚೆ, ಅದರ ಮೇಲೆ ಕಟ್ಟಲು ಬಾಕಿ ಇರುವ ಫೀಸು. ಇಷ್ಟೂ ಖಾತೆಯಲ್ಲಿ ಸತತ 28 ದಿನ ಅಲ್ಲಾಡದೆ ಕೂತಿರಬೇಕು. ಒಂದು ದಿನ ಒಂದು ಪೌಂಡ್ ಕಮ್ಮಿಯಾದರೂ ಮತ್ತೆ ಒಂದರಿಂದ ಎಣಿಕೆ. ಖಾತೆ ಹುಡುಗನದ್ದೋ ಅಪ್ಪ ಅಮ್ಮಂದೋ ಆಗಿರಬೇಕು. ಸೋದರಮಾವನ ಪ್ರೀತಿಗೆ ಬ್ರಿಟನ್ನಿನಲ್ಲಿ ಮಾನ್ಯತೆ ಇಲ್ಲ. ಹಾಗಾಗಿ ನನ್ನ ಎಫ್‌ಡಿ, ಚಿಕ್ಕಪ್ಪನ ಶುಂಠಿ ದುಡ್ಡು, ಅತ್ತೆಯ ಚೀಟಿ ದುಡ್ಡು ಎಲ್ಲವೂ ಭಾವನ ಖಾತೆಗೆ ಹೋಗಿ ಮಲಗಿದವು. ಭಾವ ಅಂದಿನಿಂದ ಎ.ಟಿ.ಎಂ. ಇರುವ ಬೀದಿಯಲ್ಲೇ ಓಡಾಡಿಲ್ಲ. ಬ್ಯಾಂಕಿನವರು ಎಸ್‌ಎಂಎಸ್ ಚಾರ್ಜು ಕಡಿದುಬಿಟ್ಟರೆ ಅಂತ ಎಷ್ಟೋ ಸಾವಿರ ಜಾಸ್ತಿಯೇ ಇಟ್ಟರು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಪೌಂಡಿನ ರೇಟು ನೋಡುವುದು ತಪ್ಪಲಿಲ್ಲ. ಮೊದಲು ಕಾಫಿ ರೇಟು ನೋಡುತ್ತಿದ್ದವರು.

ಅಪ್ಪನ ಖಾತೆ ಅಂದರೆ ಅಪ್ಪ ಅಂತ ಸಾಬೀತಾಗಬೇಕು. ಹುಡುಗನ ಜನನ ಪತ್ರದಲ್ಲಿ ಭಾವನ ಹೆಸರಿನ ಕೊನೆಗೆ ಗೌಡ ಇದೆ. ಆಧಾರಿನಲ್ಲಿ ಇಲ್ಲ. ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ಲು ಬಿಡಿಸಿಕೊಂಡು ಊರು, ತಂದೆ ಎಲ್ಲ ಸಾಲಾಗಿ ಬಂದು ಹೆಸರು ಕೊನೆಗೆ ತುಂಡಾಗಿದೆ. ಕೋರ್ಟಿನ ಹತ್ತಿರ ನೋಟರಿ ಹಿಡಿದು, ಈ ಮೂರೂ ಜನ ಅಪ್ಪಂದಿರು ಒಬ್ಬರೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದ್ದಾಯಿತು.

ಹುಡುಗ ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಎಂಜಿನಿಯರಿಂಗ್ ಓದಿದವನು. ಆದರೂ ಇಂಗ್ಲಿಷ್ ಬರುತ್ತದೆ ಅಂತ ತೋರಿಸುವ ಐಇಎಲ್‌ಟಿಎಸ್ ಪರೀಕ್ಷೆ ಬರೆದಿದ್ದಾನೆ. ಅದರ ಅಂಕಕ್ಕೆ ಎರಡೇ ವರ್ಷ ಆಯಸ್ಸು. ಮೂರನೇ ವರ್ಷಕ್ಕೆ ಇಂಗ್ಲಿಷ್ ಮರೆತುಹೋಗುತ್ತದೆ ಅಂತ ಇಂಗ್ಲಿಷಿನವರೇ ತೀರ್ಮಾನಿಸಿದ ಮೇಲೆ ನಾವೇನು ಹೇಳೋಣ. ಕ್ಷಯ ಇಲ್ಲ ಅಂತ ಬೆಂಗಳೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿದ. ಮುಂದೆ ಕಾಯಿಲೆ ಬಿದ್ದರೆ ಅಂತ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ. ಕೋರ್ಸು ಒಂದು ವರ್ಷದ್ದು, ವೀಸಾ ಅದಕ್ಕಿಂತ ಕೆಲವು ತಿಂಗಳು ಉದ್ದ, ಹಾಗಾಗಿ ಒಂದೂವರೆ ವರ್ಷದ ಲೆಕ್ಕ, 1,164 ಪೌಂಡ್. ಅದನ್ನು ವಸೂಲು ಮಾಡುವಷ್ಟು ಕಾಯಿಲೆ ಬೀಳಲು ಹುಡುಗನಿಗೆ ಪುರುಸೊತ್ತು ಸಿಗಬೇಕು.

ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಹುಡುಕಬಹುದು ಅಂತ ಕನ್ಸಲ್ಟೆನ್ಸಿಯ ಕಾಗದದಲ್ಲಿ ಅಚ್ಚಾಗಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಅಚ್ಚಾದ ಕಾಗದ ಖಾಲಿಯಾಗುವವರೆಗೆ ಎರಡೇ ವರ್ಷ ಅಂದ ಅವನು. ಸುಳ್ಳೇನಲ್ಲ. ನಿಯಮ ನಿಂತಲ್ಲಿ ನಿಂತಿದ್ದರೆ ತಾನೇ ಕಾಗದ ಬದಲಿಸುವುದು? ಆಸ್ಟ್ರೇಲಿಯಾದ ವೀಸಾ ಫೀಸು 2024ರ ಜುಲೈನಲ್ಲಿ 710 ಆಸ್ಟ್ರೇಲಿಯನ್ ಡಾಲರಿನಿಂದ 1,600ಕ್ಕೆ ಜಿಗಿಯಿತು, ಮರುವರ್ಷ 2,000 ಆಯಿತು. ಕೆನಡಾದವರು ಬೇಗ ವೀಸಾ ಕೊಡುವ ಎಸ್.ಡಿ.ಎಸ್. ಪದ್ಧತಿಯನ್ನು 2024ರ ನವೆಂಬರ್ 8ರಂದು ಅದೇ ದಿನ ಹೇಳಿ ಅದೇ ದಿನ ಮುಚ್ಚಿದರು.

ಮೊನ್ನೆ ಸಿ.ಎ. ಪತ್ರ ಬಂತು. ಭಾವ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ತೋಟ, ಮನೆ, ಒಡವೆ, ಟ್ರ್ಯಾಕ್ಟರು ಎಲ್ಲ ಸೇರಿ ಒಂದೂವರೆ ಕೋಟಿಗೂ ಜಾಸ್ತಿ. ಒಳಗಿನಿಂದ ಅವರ ತಾಯಿ ಕೋಲೂರಿಕೊಂಡು ಬಂದರು.

‘ಎಷ್ಟಂದೆ?’

‘ಒಂದೂವರೆ ಕೋಟಿ ಕಣವ್ವ.’

‘ಹಂಗಾದ್ರೆ ನನ್ನ ಹಲ್ಲಿನ ಸೆಟ್ಟಿಗೆ ದುಡ್ಡಿಲ್ಲ ಅಂತ ಎರಡು ವರ್ಷದಿಂದ ಯಾಕ್ಲಾ ಹೇಳ್ತಿದೀಯ?’

ಭಾವ ಪತ್ರ ಮಡಚಿ ಜೇಬಿಗಿಟ್ಟುಕೊಂಡರು. ‘ದುಡ್ಡು ಬ್ಯಾಂಕಲ್ಲೇ ಇದೆ ಕಣವ್ವ. ಇಪ್ಪತ್ತೆಂಟು ದಿನ ಆಗ್ಲಿ, ಅಲ್ಲೀವರೆಗೆ ಮುದ್ದೆ ನುಂಗು.’